ಇದೆ, ಇಲ್ಲ, ಅಲ್ಲ



ಈ ದತ್ತಿ ಯಾರ ನೆನಪಿನಲ್ಲಿ ನಡೆಯುತ್ತಿದೆಯೋ ಆ ಮೇಷ್ಟ್ರ ವ್ಯಾಕರಣದ ತರಗತಿಯಲ್ಲಿ ನಾನು ಮೂರು ವರ್ಷ ಕೂತವನು. ಒಂದು ದಿನ ಅವರು ಹಲಗೆಯ ಮೇಲೆ ‘ಇವನು ನನ್ನ ತಮ್ಮ’ ಎಂದು ಬರೆದು, ಕ್ರಿಯಾಪದ ತೋರಿಸು ಎಂದು ನನ್ನನ್ನು ಎಬ್ಬಿಸಿದರು. ಎರಡು ಸಲ ಓದಿ ‘ಇಲ್ಲ ಸಾರ್’ ಎಂದೆ. ‘ಇಲ್ಲ ಅನ್ನಬೇಡವೋ, ಅಧ್ಯಾಹಾರ ಅನ್ನು. ಇದ್ದಾನೆ ಅನ್ನೋದು ಅಲ್ಲೇ ಇದೆ, ಕಾಣೋದಿಲ್ಲ ಅಷ್ಟೆ’ ಎಂದರು. ಆ ಕಾಣದ ‘ಇದ್ದಾನೆ’ಯನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದೆ, ಮನಸ್ಸು ಮಾತ್ರ ಒಪ್ಪಲಿಲ್ಲ. ಇಷ್ಟು ವರ್ಷಗಳ ಮೇಲೆ ಅವರ ಹೆಸರಿನ ವೇದಿಕೆಯಲ್ಲೇ ನಿಂತು ಆ ತಕರಾರನ್ನು ಎತ್ತುವ ಅವಕಾಶ ಸಿಕ್ಕಿದೆ. ಅವರು ಇದ್ದಿದ್ದರೆ ಪೂರ್ತಿ ಕೇಳುತ್ತಿದ್ದರು, ಆಮೇಲೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಆಹ್ವಾನಪತ್ರಿಕೆಯಲ್ಲಿ ‘ಭಾಷೆ ಮತ್ತು ತತ್ತ್ವಶಾಸ್ತ್ರದಲ್ಲಿ ಅಸ್ತಿತ್ವದ ಅರ್ಥ’ ಎಂದು ಅಚ್ಚಾಗಿದೆ. ಅದು ನನ್ನ ಅಳತೆಗೆ ದೊಡ್ಡ ಅಂಗಿ. ನಾನು ಮಾತಾಡಲಿರುವುದು ಇದೆ, ಇಲ್ಲ, ಅಲ್ಲ ಎಂಬ ಮೂರು ಸಣ್ಣ ಪದಗಳ ಬಗ್ಗೆ. ಮೊದಲು ಇವು ಕನ್ನಡದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂದು ನೋಡೋಣ. ಆಮೇಲೆ ಗ್ರೀಸಿಗೆ ಹೋಗಿ, ಅಲ್ಲಿಂದ ನ್ಯಾಯ-ಮೀಮಾಂಸೆಗಳ ಅಂಗಳಕ್ಕೆ ಬಂದು, ಕೊನೆಗೆ ಇಲ್ಲದ ವಸ್ತುಗಳ ಬಗ್ಗೆ ನಾವು ಹೇಗೆ ಮಾತಾಡುತ್ತೇವೆ ಎಂಬಲ್ಲಿಗೆ ಮುಟ್ಟುವ ಆಸೆ. ದೇವರಿದ್ದಾನೆಯೇ, ಜಗತ್ತು ನಿಜವೇ ಎಂಬ ಪ್ರಶ್ನೆಗಳಿಗೆ ಕೈಹಾಕುವುದಿಲ್ಲ. ಅದಕ್ಕೆ ಬೇರೆ ವೇದಿಕೆಗಳಿವೆ, ಬೇರೆ ದತ್ತಿಗಳೂ ಇವೆ.

ಮೊದಲು ಮನೆಯ ಮಾತು. ‘ಡಬ್ಬದಲ್ಲಿ ಬೆಲ್ಲ ಇದೆ’ ಮತ್ತು ‘ಇದು ಬೆಲ್ಲ’ ಎಂಬ ಎರಡು ವಾಕ್ಯಗಳನ್ನು ತೆಗೆದುಕೊಳ್ಳಿ. ಹಿಂದಿಯವರು ಎರಡಕ್ಕೂ ‘ಹೈ’ ಎನ್ನುತ್ತಾರೆ, ಇಂಗ್ಲಿಷಿನವರು ಎರಡಕ್ಕೂ ‘ಈಸ್’ ಎನ್ನುತ್ತಾರೆ. ನಾವು ಮೊದಲನೆಯದಕ್ಕೆ ‘ಇದೆ’ ಹಾಕುತ್ತೇವೆ, ಎರಡನೆಯದಕ್ಕೆ ಏನನ್ನೂ ಹಾಕುವುದಿಲ್ಲ. ಈಗ ಇವೆರಡನ್ನೂ ನಿಷೇಧಿಸಿ ನೋಡಿ. ‘ಡಬ್ಬದಲ್ಲಿ ಬೆಲ್ಲ ಇಲ್ಲ’, ‘ಇದು ಬೆಲ್ಲ ಅಲ್ಲ’. ಒಂದು ವಸ್ತು ಅಲ್ಲಿ ಇರದಿರುವುದಕ್ಕೆ ಒಂದು ಪದ, ಇದು ಅದಾಗಿರದಿರುವುದಕ್ಕೆ ಇನ್ನೊಂದು. ಮೂರು ವರ್ಷದ ಮಗು ಇದರಲ್ಲಿ ತಪ್ಪುವುದಿಲ್ಲ. ತಪ್ಪುವವರು ಬೆಂಗಳೂರಿಗೆ ಬಂದು ಹೊಸದಾಗಿ ಕನ್ನಡ ಕಲಿಯುತ್ತಿರುವ ನಮ್ಮ ಗೆಳೆಯರು. ‘ನಾನು ಇಂಜಿನಿಯರ್ ಇಲ್ಲ’ ಎಂದು ಅವರು ಹೇಳಿದಾಗ ನಮಗೆ ನಗು ಬರುತ್ತದೆ. ತಾನು ಇಂಜಿನಿಯರ್ ಅಲ್ಲವೆಂದು ಹೇಳಹೊರಟವರು ತಾನೇ ಇಲ್ಲವೆಂದು ಹೇಳಿದಂತೆ ಕೇಳಿಸುತ್ತದಲ್ಲ, ಅದಕ್ಕೆ.

ಇಲ್ಲಿಗೆ ಮೇಷ್ಟ್ರ ಅಧ್ಯಾಹಾರವನ್ನು ಕರೆತರಬೇಕು. ಅದು ಅವರ ಸ್ವಂತ ಕಲ್ಪನೆಯಲ್ಲ. ಪಾಣಿನಿಯ ಸೂತ್ರಗಳಿಗೆ ವಾರ್ತಿಕ ಬರೆದ ಕಾತ್ಯಾಯನ, ಬೇರೆ ಕ್ರಿಯಾಪದ ಪ್ರಯೋಗವಾಗದಿದ್ದಲ್ಲಿ ‘ಅಸ್ತಿ’ ಇದೆಯೆಂದೇ ತಿಳಿಯಬೇಕು ಎಂದಿದ್ದಾನೆ. ಸಂಸ್ಕೃತಕ್ಕೆ ಅದು ಸರಿಯಿರಬಹುದು. ಅಲ್ಲಿ ಅಸ್ತಿ ಎರಡೂ ಕೆಲಸಕ್ಕೆ ಬರುತ್ತದೆ, ಹೇಳಿದರೂ ಸರಿ, ಬಿಟ್ಟರೂ ಸರಿ. ಕನ್ನಡದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ. ‘ಇವನು ನನ್ನ ತಮ್ಮ’ ಎಂಬಲ್ಲಿ ‘ಇದ್ದಾನೆ’ ಅಡಗಿ ಕೂತಿದ್ದರೆ, ನಿಷೇಧಿಸಿದಾಗ ‘ಇಲ್ಲ’ ಹೊರಬರಬೇಕಿತ್ತು. ಹೊರಬರುವುದು ‘ಅಲ್ಲ’. ಅಂದಮೇಲೆ ಅಡಗಿದ್ದದ್ದು ‘ಇದ್ದಾನೆ’ ಅಲ್ಲ; ಅಲ್ಲಿ ಏನೂ ಅಡಗಿರಲೂ ಇಲ್ಲ. ಎರಡು ನಾಮಪದಗಳನ್ನು ಪಕ್ಕಪಕ್ಕ ಇಟ್ಟರೆ ಕನ್ನಡದಲ್ಲಿ ವಾಕ್ಯ ಪೂರ್ತಿಯಾಗುತ್ತದೆ. ಕನ್ನಡವನ್ನು ಸಂಸ್ಕೃತದ ಅಚ್ಚಿನಲ್ಲಿಟ್ಟು ನೋಡಬೇಡಿ ಎಂದು ಡಿ. ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದು ವಾದಿಸಿದರು. ಅವರ ಎಲ್ಲ ಸಲಹೆಗಳನ್ನೂ ಒಪ್ಪುವವನು ನಾನಲ್ಲ. ಈ ವಿಷಯದಲ್ಲಿ ಮಾತ್ರ ಗೆಲುವು ಅವರ ಕಡೆಯದು.

ಆದರೆ ಮೇಷ್ಟ್ರ ಪರವಾಗಿಯೂ ಒಂದು ಮಾತು ಹೇಳಬೇಕು. ವಾಕ್ಯಕ್ಕೆ ಕಾಲ ಸೇರಿದ ಕೂಡಲೇ ‘ಇರು’ ಬಂದು ಕೂರುತ್ತದೆ. ‘ಅವರು ಮೇಷ್ಟ್ರಾಗಿದ್ದರು’ ಎನ್ನುವಾಗ ‘ಆಗು’ವೂ ಬೇಕು, ‘ಇರು’ವೂ ಬೇಕು. ‘ಎರಡೂ ಎರಡೂ ನಾಲ್ಕು’ ಎನ್ನುವುದಕ್ಕೆ ಏನೂ ಬೇಡ, ಏಕೆಂದರೆ ಅದಕ್ಕೆ ನಿನ್ನೆ ನಾಳೆಗಳಿಲ್ಲ. ಕಾಲದಲ್ಲಿ ಇರುವುದಕ್ಕೂ ಕಾಲದ ಹಂಗಿಲ್ಲದೆ ಹೀಗೆ ಎಂದು ಹೇಳುವುದಕ್ಕೂ ನಮ್ಮ ಮಾತಿನಲ್ಲಿ ಒಂದು ಗೆರೆಯಿದೆ. ಆ ಗೆರೆಯನ್ನು ಈಚೆಗೆ ನಾವೇ ಅಳಿಸುತ್ತಿದ್ದೇವೆ. ‘ಬೆಂಗಳೂರು ಕರ್ನಾಟಕದ ರಾಜಧಾನಿ’ ಎಂದರೆ ಸಾಲದು ಎನ್ನಿಸಿ ‘ರಾಜಧಾನಿಯಾಗಿದೆ’ ಎಂದು ಬರೆಯುತ್ತೇವೆ. ತಾಲ್ಲೂಕು ಕಚೇರಿಯ ಕಾಗದದಲ್ಲಿ ‘ಸದರಿಯವರು ಇದೇ ಗ್ರಾಮದ ಖಾಯಂ ನಿವಾಸಿಯಾಗಿರುತ್ತಾರೆ’ ಎಂದಿರುತ್ತದೆ. ಓದಿದರೆ ಆ ಮನುಷ್ಯ ಆಗಾಗ ನಿವಾಸಿಯಾಗುತ್ತಾನೇನೋ ಎಂದು ಅನುಮಾನ ಬರಬೇಕು. ಇಂಗ್ಲಿಷಿನ ಒಂದು ಪುಟ್ಟ ಕ್ರಿಯಾಪದವನ್ನು ಬಿಡದೆ ಅನುವಾದಿಸಬೇಕೆಂಬ ಭಯದಿಂದ ಹುಟ್ಟಿದ ಬರವಣಿಗೆ ಇದು.

‘ಇರು’ ಎಂಬ ಮಾತಿನ ಒಳಗೂ ಒಂದಿಷ್ಟು ಇಣುಕಬೇಕು. ‘ಇರಿ, ಬಂದೆ’ ಎಂದರೆ ಕಾಯಿರಿ ಎಂದರ್ಥ. ‘ಇದ್ದು ಊಟ ಮಾಡಿಕೊಂಡು ಹೋಗಿ’ ಎಂದರೆ ಉಳಿಯಿರಿ ಎಂದರ್ಥ. ತಮಿಳಿನ ‘ಇರು’ವಿಗೆ ಕುಳಿತುಕೊಳ್ಳುವ ಅರ್ಥವೂ ಇದೆ. ನಮ್ಮ ಅಸ್ತಿತ್ವ ಹಾಗಾಗಿ ಒಂದು ಕಡೆ ನಿಂತ, ಕೂತ, ತಂಗಿದ ಅಸ್ತಿತ್ವ. ಎಲ್ಲಿ ಎಂದು ಕೇಳದೆ ಬರೀ ‘ಇದೆ’ ಎಂದರೆ ಕನ್ನಡದ ಕಿವಿಗೆ ವಾಕ್ಯ ಅರ್ಧಕ್ಕೇ ನಿಂತಂತೆ. ಇದು ನಮ್ಮೊಬ್ಬರ ವಿಶೇಷವೂ ಅಲ್ಲ. ಇಂಗ್ಲಿಷಿನ ‘ಈಸ್’ ಸಂಸ್ಕೃತದ ‘ಅಸ್’ ಧಾತುವಿನ ನೆಂಟ, ‘ಬಿ’ ಎಂಬುದು ‘ಭೂ’ ಧಾತುವಿನ ನೆಂಟ, ‘ವಾಸ್’ ಎಂಬ ಭೂತಕಾಲದ ರೂಪ ನಮ್ಮ ವಾಸ-ನಿವಾಸಗಳ ‘ವಸ್’ ಧಾತುವಿನ ನೆಂಟ. ಮೂರು ಮನೆಯ ಮಕ್ಕಳು ಸೇರಿ ಒಂದೇ ಕ್ರಿಯಾಪದವಾಗಿವೆ. 1935ರ ಉಪನ್ಯಾಸಗಳಲ್ಲಿ ಹೈಡೆಗರ್ ಜರ್ಮನ್ ಕ್ರಿಯಾಪದದ ಇದೇ ಮೂರು ಬೇರುಗಳನ್ನು ಹಿಡಿದು ಬಹಳ ದೂರ ಹೋಗುತ್ತಾನೆ. ನಾವು ಅಷ್ಟು ದೂರ ಹೋಗುವುದು ಬೇಡ.

ಹಳಗನ್ನಡದಲ್ಲಿ ಇನ್ನೊಂದು ಧಾತುವಿತ್ತು, ‘ಉಳ್’. ಒಳನ್, ಒಳರ್, ಒಳವು ಎಂಬ ರೂಪಗಳು ಕಳೆದುಹೋದವು. ‘ಉಂಟು’ ಮತ್ತು ‘ಉಳ್ಳ’ ಉಳಿದವು. ‘ಉಳ್ಳವರು’ ಎಂದರೆ ವ್ಯುತ್ಪತ್ತಿಯ ಪ್ರಕಾರ ಇರುವವರು, ಬಳಕೆಯ ಪ್ರಕಾರ ಹಣವಿರುವವರು. ‘ಇಲ್ಲದವರು’ ಎಂದರೆ ಬಡವರು. ನಮ್ಮಲ್ಲಿ ಹೊಂದಿರುವುದಕ್ಕೆ ಪ್ರತ್ಯೇಕವಾದ ನಿತ್ಯಬಳಕೆಯ ಕ್ರಿಯಾಪದವೇ ಇಲ್ಲ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನ್ನ ಹತ್ತಿರ ಚಿಲ್ಲರೆ ಇದೆ’ ಎನ್ನುತ್ತೇವೆ. ಮಕ್ಕಳೂ ಚಿಲ್ಲರೆಯೂ ತಮ್ಮಷ್ಟಕ್ಕೆ ಇರುತ್ತವೆ, ನಾವು ಅವುಗಳ ಪಕ್ಕದಲ್ಲಿರುತ್ತೇವೆ. ಪಾಣಿನಿಗೂ ಇದು ಗೊತ್ತಿತ್ತು. ಧನವಂತ, ಗುಣವಂತ ಎಂಬಲ್ಲಿನ ಪ್ರತ್ಯಯವನ್ನು ವಿಧಿಸುವ ಸೂತ್ರದಲ್ಲಿ, ಅದು ಇವನದಾಗಿ ಇದೆ ಅಥವಾ ಇವನಲ್ಲಿ ಇದೆ ಎಂಬ ಅರ್ಥದಲ್ಲಿ ಬರುವ ಪ್ರತ್ಯಯ ಎಂದು ‘ಅಸ್ತಿ’ಯಿಂದಲೇ ಅದನ್ನು ವಿವರಿಸುತ್ತಾನೆ.

ವ್ಯಾಕರಣ ಇಷ್ಟು ಸಾಕು. ಈಗ ಗ್ರೀಸಿನ ಕಡೆ ತಿರುಗೋಣ.

ಕ್ರಿಸ್ತಪೂರ್ವ ಐದನೇ ಶತಮಾನದಲ್ಲಿ, ಇಂದಿನ ದಕ್ಷಿಣ ಇಟಲಿಯ ತೀರದ ಎಲಿಯಾ ಎಂಬ ಗ್ರೀಕ್ ಊರಿನಲ್ಲಿ ಪಾರ್ಮೆನಿಡೀಸ್ ಒಂದು ಕಾವ್ಯ ಬರೆದ. ಅದರ ವಾದ ಸ್ಥೂಲವಾಗಿ ಹೀಗೆ: ಇರುವುದನ್ನು ಮಾತ್ರ ಯೋಚಿಸಬಹುದು, ಇಲ್ಲದ್ದನ್ನು ಯೋಚಿಸುವುದೂ ಹೇಳುವುದೂ ಸಾಧ್ಯವಿಲ್ಲ. ಆದ್ದರಿಂದ ಹುಟ್ಟಿಲ್ಲ, ಸಾವಿಲ್ಲ, ಬದಲಾವಣೆಯಿಲ್ಲ, ಬಹುತ್ವವೂ ಇಲ್ಲ. ಒಂದು ವಸ್ತು ಬದಲಾಗಬೇಕಾದರೆ ಈಗ ಅದಲ್ಲದ್ದು ಅದು ಆಗಬೇಕು, ಆದರೆ ‘ಅಲ್ಲದ್ದು’ ಎಂಬುದು ಇಲ್ಲವಲ್ಲ! ಈ ವಾದವನ್ನು ಕನ್ನಡದಲ್ಲಿ ಹೇಳುವಾಗ ನಾನು ಎಲ್ಲಿ ಎಡವಿದೆ ನೋಡಿದಿರಾ? ‘ಇಲ್ಲ’ ಎಂದು ಶುರುಮಾಡಿ ನಡುವೆ ‘ಅಲ್ಲ’ಕ್ಕೆ ಜಾರಬೇಕಾಯಿತು. ಗ್ರೀಕಿನಲ್ಲಿ ಇವೆರಡಕ್ಕೂ ಒಂದೇ ಕ್ರಿಯಾಪದ, ಒಂದೇ ನಿಷೇಧ, ಹಾಗಾಗಿ ಜಾರಿದ್ದು ಅಷ್ಟಾಗಿ ತಿಳಿಯುವುದಿಲ್ಲ.

ಅದನ್ನು ಹಿಡಿದು ತೋರಿಸಿದವನು ಪ್ಲೇಟೊ. ಅವನ ‘ಸೋಫಿಸ್ಟ್’ ಸಂವಾದದಲ್ಲಿ ಮುಖ್ಯ ಮಾತುಗಾರ ಎಲಿಯಾದಿಂದಲೇ ಬಂದ ಅತಿಥಿ; ತನ್ನೂರಿನ ಹಿರಿಯನ ಮೇಲೆ ಕೈಮಾಡುವುದು ಪಿತೃಹತ್ಯೆ ಎನ್ನಿಸಿಕೊಂಡೀತೇನೋ ಎಂಬ ಅಳುಕು ಅವನಿಗೆ. ಅವನ ಪರಿಹಾರ ಇಷ್ಟು: ‘ಚಲನೆ ಸ್ಥಿತಿಯಲ್ಲ’ ಎಂದಾಗ ಚಲನೆಯೇ ಇಲ್ಲ ಎಂದು ಹೇಳಿದಂತಾಗುವುದಿಲ್ಲ, ಅದು ಸ್ಥಿತಿಗಿಂತ ಬೇರೆ ಎಂದಷ್ಟೇ. ‘ದೊಡ್ಡದಲ್ಲ’ ಎಂದರೆ ಚಿಕ್ಕದೂ ಆಗಬಹುದು, ಸಮನಾದದ್ದೂ ಆಗಬಹುದು. ನಿಷೇಧವೆಂದರೆ ಶೂನ್ಯವಲ್ಲ, ಬೇರೆತನ. ನನಗೆ ಇದನ್ನು ಮೊದಲು ಓದಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ. ಗ್ರೀಕ್ ತತ್ತ್ವಶಾಸ್ತ್ರದ ಅತಿ ಕಠಿಣ ಸಂವಾದಗಳಲ್ಲೊಂದು ಹತ್ತಾರು ಪುಟ ಬೆವರು ಹರಿಸಿ ಕಂಡುಕೊಂಡದ್ದು, ‘ಅಲ್ಲ’ ಎಂಬುದು ‘ಇಲ್ಲ’ ಅಲ್ಲ ಎಂಬುದನ್ನು.

ಇಲ್ಲಿ ಚಪ್ಪಾಳೆ ಬೇಡ. ಕನ್ನಡ ಗೆದ್ದಿತು ಎಂದು ಹೇಳಲು ನಾನು ಬಂದಿಲ್ಲ. ತೆಲುಗಿನಲ್ಲಿ ಲೇದು-ಕಾದು ಇವೆ, ಮಲೆಯಾಳದಲ್ಲಿ ಇಲ್ಲ-ಅಲ್ಲ ಇವೆ, ತುಳುವಿನಲ್ಲಿ ಇದ್ದಿ-ಅತ್ತ್ ಇವೆ. ಆಡುಮಾತಿನ ತಮಿಳಿನಲ್ಲಿ ‘ಇಲ್ಲೈ’ ಎರಡೂ ಕೆಲಸಗಳನ್ನು ನುಂಗಿಕೊಂಡಿದೆ, ಅದರಿಂದ ತಮಿಳರು ತರ್ಕದಲ್ಲಿ ಹಿಂದೆ ಬಿದ್ದಿಲ್ಲ. ನಮ್ಮ ‘ಇಲ್ಲ’ವೂ ಅಷ್ಟೇನೂ ಶುದ್ಧವಲ್ಲ, ‘ಬರಲಿಲ್ಲ’, ‘ಹೋಗುವುದಿಲ್ಲ’ ಎಂದು ಕಂಡ ಕ್ರಿಯಾಪದಗಳ ಹಿಂದೆಲ್ಲ ಓಡುತ್ತದೆ. ಫ್ರೆಂಚ್ ಭಾಷಾವಿಜ್ಞಾನಿ ಬೆನ್ವೆನಿಸ್ತ್ 1958ರ ಲೇಖನವೊಂದರಲ್ಲಿ, ಅರಿಸ್ಟಾಟಲ್‌ನ ಪದಾರ್ಥಗಳು ಗ್ರೀಕ್ ವ್ಯಾಕರಣದ ನೆರಳು ಎಂದ. ಪಶ್ಚಿಮ ಆಫ್ರಿಕದ ಎವೆ ಭಾಷೆಯಲ್ಲಿ ಗ್ರೀಕಿನ ಆ ಒಂದು ಕ್ರಿಯಾಪದದ ಕೆಲಸ ಐದು ಕ್ರಿಯಾಪದಗಳಿಗೆ ಹಂಚಿಹೋಗಿದೆ ಎಂದು ತೋರಿಸಿದ. ಚಾರ್ಲ್ಸ್ ಕಾನ್ 1973ರಲ್ಲಿ ಗ್ರೀಕ್ ಕ್ರಿಯಾಪದದ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದು, ಹಲವು ಅರ್ಥಗಳು ಒಂದರಲ್ಲಿ ಸೇರಿಕೊಂಡದ್ದು ಗ್ರೀಕರಿಗೆ ದೋಷವಾಗಲಿಲ್ಲ, ಲಾಭವೇ ಆಯಿತು ಎಂದು ವಾದಿಸಿದ. ಭಾಷೆ ಯೋಚನೆಗೆ ಕಾಲುದಾರಿ ಹಾಕಿಕೊಡುತ್ತದೆ, ನಡೆಯುವವರು ನಾವೇ ಎಂಬಷ್ಟಕ್ಕೆ ನಾನು ಒಪ್ಪಿಕೊಂಡಿದ್ದೇನೆ. ಅರಬ್ಬೀ ಭಾಷೆಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲೂ ‘ಇವನು ನನ್ನ ತಮ್ಮ’ ಎನ್ನಲು ವರ್ತಮಾನದಲ್ಲಿ ಕ್ರಿಯಾಪದ ಬೇಡ. ಗ್ರೀಕ್ ಗ್ರಂಥಗಳನ್ನು ಅನುವಾದಿಸಿದವರು ‘ಇರುವಿಕೆ’ಗೆ ಪದ ಸಾಲದೆ, ‘ಕಂಡುಕೊಳ್ಳು’ ಎಂಬ ಧಾತುವಿನಿಂದ ಬಂದ ‘ವುಜೂದ್’, ‘ಮೌಜೂದ್’ಗಳನ್ನು ಆರಿಸಿಕೊಂಡರು. ಇರುವುದೆಂದರೆ ಸಿಕ್ಕಿದ್ದು! ಆ ಪದ ಹಿಡಿದೇ ಇಬ್ನ್ ಸೀನಾ, ಒಂದು ವಸ್ತು ಏನು ಎಂಬುದು ಬೇರೆ, ಅದು ಇದೆಯೇ ಎಂಬುದು ಬೇರೆ ಎಂಬ ಭೇದವನ್ನು ಕಟ್ಟಿದ. ಯುರೋಪು ಅದನ್ನು ಅವನಿಂದ ಕಲಿಯಿತು.

ಈ ಭೇದದ ಪ್ರಸಿದ್ಧ ಉದಾಹರಣೆ ಕ್ಯಾಂಟ್‌ನದು, 1781ರ ‘ಶುದ್ಧ ತರ್ಕದ ವಿಮರ್ಶೆ’ಯಲ್ಲಿದೆ. ನಿಜವಾದ ನೂರು ಥಾಲರ್‌ಗಳಲ್ಲಿ ಕಲ್ಪನೆಯ ನೂರು ಥಾಲರ್‌ಗಳಿಗಿಂತ ಒಂದು ಕಾಸೂ ಹೆಚ್ಚಿಲ್ಲ. ಜೇಬಿಗೆ ವ್ಯತ್ಯಾಸ, ವರ್ಣನೆಗೆ ವ್ಯತ್ಯಾಸವಿಲ್ಲ. ದೇವರು ಸರ್ವಗುಣಪೂರ್ಣ, ಇರುವಿಕೆಯೂ ಒಂದು ಗುಣ, ಆದ್ದರಿಂದ ದೇವರಿದ್ದಾನೆ ಎಂಬ ಹಳೆಯ ವಾದಕ್ಕೆ ಹೀಗೆ ಏಟು ಬಿತ್ತು. ಮಾವಿನಹಣ್ಣಿನ ಅಂಗಡಿಯಲ್ಲಿ ಪರೀಕ್ಷಿಸಿ. ‘ಸಿಹಿಯಾದ ಹಣ್ಣು ಕೊಡಿ’ ಎಂದರೆ ಆತ ಆರಿಸುತ್ತಾನೆ. ‘ಇರುವ ಹಣ್ಣು ಕೊಡಿ’ ಎಂದರೆ ಆರಿಸುವುದಿಲ್ಲ, ಬುಟ್ಟಿಯಲ್ಲಿ ಉಳಿದದ್ದನ್ನು ತುಂಬಿಕೊಡುತ್ತಾನೆ. ‘ಇರುವ’ ಎಂಬುದು ಹಣ್ಣಿನ ಬಗ್ಗೆ ಏನನ್ನೂ ಹೇಳಲಿಲ್ಲ, ಬುಟ್ಟಿಯ ಬಗ್ಗೆ ಹೇಳಿತು. 1884ರಲ್ಲಿ ಫ್ರೇಗ ಇದನ್ನೇ ಬಿಗಿಗೊಳಿಸಿ, ಇದೆ ಎನ್ನುವುದು ವಸ್ತುವಿನ ಗುಣವಲ್ಲ, ಒಂದು ಪರಿಕಲ್ಪನೆಗೆ ಒಪ್ಪುವ ವಸ್ತು ಸೊನ್ನೆಯಲ್ಲ ಎಂಬ ಲೆಕ್ಕ ಎಂದ.

ಈಗ ನನಗೆ ಹೆಚ್ಚು ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಯುರೋಪು ಇರುವಿಕೆಯ ಬಗ್ಗೆ ತಲೆಕೆಡಿಸಿಕೊಂಡಷ್ಟೇ ನಮ್ಮ ದರ್ಶನಕಾರರು ಇಲ್ಲದಿರುವಿಕೆಯ ಬಗ್ಗೆ ತಲೆಕೆಡಿಸಿಕೊಂಡರು. ಪ್ರಶಸ್ತಪಾದನ ವೈಶೇಷಿಕದಲ್ಲಿ ಪದಾರ್ಥಗಳು ಆರು. ಮುಂದಿನವರು ‘ಅಭಾವ’ವನ್ನು ಏಳನೆಯದಾಗಿ ಸೇರಿಸಿದರು, ಅದಕ್ಕೆ ನಾಲ್ಕು ಬಗೆ ಮಾಡಿದರು. ಮಡಕೆ ಮಾಡುವ ಮೊದಲು ಮಡಕೆ ಇಲ್ಲದಿರುವುದು ಪ್ರಾಗಭಾವ. ಒಡೆದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ. ಗಾಳಿಗೆ ಎಂದೆಂದೂ ಬಣ್ಣವಿಲ್ಲದಿರುವುದು ಅತ್ಯಂತಾಭಾವ. ಮಡಕೆ ಬಟ್ಟೆಯಲ್ಲದಿರುವುದು ಅನ್ಯೋನ್ಯಾಭಾವ. ಮೊದಲ ಮೂರನ್ನು ಒಂದು ಗುಂಪಿಗೆ ಹಾಕಿ ಸಂಸರ್ಗಾಭಾವ ಎಂದರು, ನಾಲ್ಕನೆಯದನ್ನು ಪ್ರತ್ಯೇಕವಾಗಿಟ್ಟರು. ಮೊದಲ ಮೂರಕ್ಕೂ ಕನ್ನಡದಲ್ಲಿ ‘ಇಲ್ಲ’, ನಾಲ್ಕನೆಯದಕ್ಕೆ ‘ಅಲ್ಲ’. ಸಂಸ್ಕೃತದಲ್ಲಿ ಎರಡಕ್ಕೂ ‘ನ’ ಒಂದೇ ಇದ್ದುದರಿಂದ, ಪದಗಳು ಯಾವ ವಿಭಕ್ತಿಯಲ್ಲಿವೆ ಎಂದು ನೋಡಿ ನೈಯಾಯಿಕರು ಭೇದ ಗುರುತಿಸಬೇಕಾಯಿತು. ‘ನೆಲದಲ್ಲಿ ಮಡಕೆ ಇಲ್ಲ’ ಎಂಬಲ್ಲಿನಂತೆ ನೆಲ ಸಪ್ತಮಿಯಲ್ಲಿದ್ದರೆ ಒಂದು ಅಭಾವ, ‘ಮಡಕೆ ಬಟ್ಟೆಯಲ್ಲ’ ಎಂಬಲ್ಲಿನಂತೆ ಎರಡೂ ಪ್ರಥಮೆಯಲ್ಲಿದ್ದರೆ ಇನ್ನೊಂದು.

ಇನ್ನೂ ಒಂದು ಸೊಗಸು ಗಮನಿಸಿ. ‘ಇನ್ನೂ ಇಲ್ಲ’ ಎಂದರೆ ಪ್ರಾಗಭಾವ, ‘ಇನ್ನಿಲ್ಲ’ ಎಂದರೆ ಪ್ರಧ್ವಂಸಾಭಾವ. ಹುಟ್ಟದಿರುವುದಕ್ಕೂ ಸತ್ತುಹೋದದ್ದಕ್ಕೂ ನಡುವೆ ನಮ್ಮ ಬಾಯಲ್ಲಿ ಒಂದು ದೀರ್ಘಸ್ವರದ ಅಂತರ. ಬೆಳಿಗ್ಗೆ ಪತ್ರಿಕೆ ತೆರೆದರೆ ಯಾರದೋ ಹೆಸರಿನ ಮುಂದೆ ‘ಇನ್ನಿಲ್ಲ’ ಎಂದು ದಪ್ಪಕ್ಷರದಲ್ಲಿರುತ್ತದೆ. ಸತ್ತರು ಎಂದು ಬರೆಯಲಾರದ ಪತ್ರಕರ್ತ ಪ್ರಧ್ವಂಸಾಭಾವದ ಮೊರೆ ಹೋಗಿರುತ್ತಾನೆ.

ಇಲ್ಲದಿರುವುದು ನಮಗೆ ತಿಳಿಯುವುದಾದರೂ ಹೇಗೆ? ಇದು ದೊಡ್ಡ ಜಗಳ. ನೈಯಾಯಿಕರು ಪ್ರತ್ಯಕ್ಷದಿಂದ ಎಂದರು. ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರು, ಅವರ ಹಿಂದೆ ಅದ್ವೈತಿಗಳು, ಅದಕ್ಕೆ ‘ಅನುಪಲಬ್ಧಿ’ ಎಂಬ ಬೇರೆಯೇ ಪ್ರಮಾಣ ಬೇಕು ಎಂದರು. ಕುಮಾರಿಲನ ಒಂದು ವಾದವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬೆಳಿಗ್ಗೆ ನೀವೊಂದು ಮನೆಗೆ ಹೋಗಿಬಂದಿರಿ. ಸಂಜೆ ಯಾರೋ ‘ಅಲ್ಲಿ ರಾಮಣ್ಣ ಇದ್ದನೇ?’ ಎಂದು ಕೇಳುತ್ತಾರೆ. ಬೆಳಿಗ್ಗೆ ರಾಮಣ್ಣನ ಯೋಚನೆಯೇ ನಿಮಗಿರಲಿಲ್ಲ. ಆದರೂ ಈಗ ‘ಇರಲಿಲ್ಲ’ ಎಂದು ಖಚಿತವಾಗಿ ಹೇಳುತ್ತೀರಿ. ಆ ತಿಳಿವಳಿಕೆ ಈ ಕ್ಷಣ ಹುಟ್ಟಿದ್ದು. ಕಣ್ಣಮುಂದೆ ಆ ಮನೆಯಿಲ್ಲ, ಹಾಗಾಗಿ ಇದು ಪ್ರತ್ಯಕ್ಷವಲ್ಲ. 1943ರಲ್ಲಿ ಸಾರ್ತ್ರ್ ಪ್ಯಾರಿಸಿನ ಕೆಫೆಯೊಂದನ್ನು ಹೊಕ್ಕು, ಭೇಟಿಗೆ ಬರಬೇಕಿದ್ದ ಪಿಯೇರ್ ಎಂಬ ಗೆಳೆಯ ಇಲ್ಲದಿರುವುದನ್ನು ಕಾಣುತ್ತಾನೆ. ಇಡೀ ಕೆಫೆ ಹಿನ್ನೆಲೆಗೆ ಸರಿದು ಆ ಗೈರುಹಾಜರಿಯೇ ಎದ್ದು ನಿಲ್ಲುತ್ತದೆ. ಅಲ್ಲಿ ವೆಲಿಂಗ್ಟನ್ ದೊರೆಯೂ ಇರಲಿಲ್ಲ, ಆದರೆ ಆ ಗೈರುಹಾಜರಿಗೆ ಜೀವವಿಲ್ಲ, ಏಕೆಂದರೆ ಅವನನ್ನು ಯಾರೂ ಕಾಯುತ್ತಿರಲಿಲ್ಲ. ಸಾರ್ತ್ರ್‌ಗೆ ನಿರೀಕ್ಷೆ ಬೇಕು, ಕುಮಾರಿಲನಿಗೆ ಬೇಡ. ಸಂಜೆಯ ಆ ರಾಮಣ್ಣನನ್ನು ನೆನೆದರೆ ನನಗೆ ಕುಮಾರಿಲನೇ ಹೆಚ್ಚು ಸರಿ ಎನ್ನಿಸುತ್ತದೆ.

ಕುಮಾರಿಲನ ಕಡೆಯವರೂ ಒಂದು ಷರತ್ತು ಹಾಕಿದರು. ಇದ್ದಿದ್ದರೆ ಕಾಣಬೇಕಿತ್ತು ಎಂಬ ಯೋಗ್ಯತೆ ಇರಬೇಕು. ಕತ್ತಲಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆನ್ನಲಾಗದು. ಛಾಂದೋಗ್ಯದಲ್ಲಿ ಉದ್ದಾಲಕ ಮಗ ಶ್ವೇತಕೇತುವಿನಿಂದ ಆಲದ ಬೀಜವನ್ನು ಒಡೆಸಿ ಏನು ಕಾಣುತ್ತದೆ ಎಂದು ಕೇಳುತ್ತಾನಲ್ಲ, ಹುಡುಗ ಏನೂ ಕಾಣುತ್ತಿಲ್ಲ ಎನ್ನುತ್ತಾನೆ. ಅಪ್ಪ ಅದನ್ನು ‘ಇಲ್ಲ’ ಎಂದು ತಿದ್ದಿಕೊಳ್ಳಲು ಬಿಡುವುದಿಲ್ಲ. ಇಷ್ಟು ದೊಡ್ಡ ಮರ ನಿಂತಿರುವುದು ಆ ಕಾಣದ್ದರ ಬಲದಿಂದ ಎನ್ನುತ್ತಾನೆ.

ನಮ್ಮ ಅಜ್ಜಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ‘ಉಪ್ಪು ಇಲ್ಲ’ ಎನ್ನಲು ಬಿಡುತ್ತಿರಲಿಲ್ಲ. ‘ಉಪ್ಪು ತರಬೇಕು ಅನ್ನು, ಅಶ್ವಿನಿ ದೇವತೆಗಳು ಅಸ್ತು ಅಂತಿರ್ತಾರೆ’ ಎಂದು ಗದರುತ್ತಿದ್ದಳು. ‘ಅಸ್ತು’ ಎಂಬುದು ‘ಅಸ್’ ಧಾತುವಿನ ಆಜ್ಞಾರೂಪ, ಇರಲಿ ಎಂದು. ಇಲ್ಲ ಎಂದವರಿಗೆ ಹಾಗೇ ಇರಲಿ ಎನ್ನುವ ದೇವತೆಗಳು! ಆಸ್ತಿಕ-ನಾಸ್ತಿಕ ಎಂಬ ಮಾತುಗಳನ್ನು ಪಾಣಿನಿ ಇದೇ ಅಸ್ತಿ-ನಾಸ್ತಿಗಳಿಂದ ಸಾಧಿಸುತ್ತಾನೆ. ಅಜ್ಜಿಯ ಲೆಕ್ಕದಲ್ಲಿ ಉಪ್ಪಿನ ಡಬ್ಬದ ಮುಂದೆ ನಾಸ್ತಿ ಎಂದವರೆಲ್ಲ ನಾಸ್ತಿಕರೇ.

ಉಳಿದದ್ದು ಕೊನೆಯ ಮಾತು, ಇಲ್ಲದವುಗಳ ಬಗ್ಗೆ ಮಾತಾಡುವುದು ಹೇಗೆ ಎಂಬುದು. ಮೊಲದ ಕೊಂಬು, ಬಂಜೆಯ ಮಗ ಎಂಬ ಉದಾಹರಣೆಗಳು ನಮ್ಮ ಶಾಸ್ತ್ರಗ್ರಂಥಗಳಲ್ಲಿ ಸವೆದುಹೋಗಿವೆ. ಫ್ರಾನ್ಸಿನಲ್ಲಿ ರಾಜನೇ ಇಲ್ಲದ ಕಾಲದಲ್ಲಿ, 1905ರಲ್ಲಿ, ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು ಎಂಬ ವಾಕ್ಯವನ್ನಿಟ್ಟುಕೊಂಡು ರಸೆಲ್ ಒಂದು ಪ್ರಬಂಧ ಬರೆದ. ಅಂಥವನೊಬ್ಬ ಇದ್ದಾನೆ ಎಂಬ ಮಾತು ಆ ವಾಕ್ಯದ ಹೊಟ್ಟೆಯಲ್ಲೇ ಇದೆ, ಆದ್ದರಿಂದ ವಾಕ್ಯ ಸುಳ್ಳು ಎಂದು ಬಿಡಿಸಿದ. ಅದಕ್ಕಿಂತ ಭರ್ತೃಹರಿ ನನಗೆ ಹತ್ತಿರದವನು. ‘ಮೊಳಕೆ ಹುಟ್ಟುತ್ತದೆ’ ಎನ್ನುತ್ತೇವೆ. ಮೊಳಕೆ ಆಗಲೇ ಇದ್ದರೆ ಹುಟ್ಟುವುದೇಕೆ? ಇಲ್ಲದಿದ್ದರೆ ಹುಟ್ಟುತ್ತಿರುವುದು ಯಾವುದು? ಪದಗಳ ಅರ್ಥಕ್ಕೆ ಹೊರಗಿನ ಇರುವಿಕೆಗಿಂತ ಬೇರೆಯಾದ ಒಂದು ಇರುವಿಕೆ, ಉಪಚಾರಸತ್ತೆ, ಇದೆ ಎಂದ ‘ವಾಕ್ಯಪದೀಯ’ದ ಕರ್ತೃ. ಮೊಳಕೆ ಮೊದಲು ಅಲ್ಲಿರುತ್ತದೆ, ಆಮೇಲೆ ಹೊಲದಲ್ಲಿ.

ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ಮೈಸೂರಿನ ಆರ್. ಕೆ. ನಾರಾಯಣ್ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಮಾಲ್ಗುಡಿ ಎಂಬ ಊರು ಕಟ್ಟಿದರು. ಭೂಪಟದಲ್ಲಿ ಮಾಲ್ಗುಡಿ ಇಲ್ಲ. ಆದರೂ ‘ಮಾಲ್ಗುಡಿ ಮೈಸೂರಲ್ಲ’ ಎಂದು ನಾವು ಧೈರ್ಯವಾಗಿ ಹೇಳಬಲ್ಲೆವು, ಹೇಳಿದ್ದು ನಿಜವೂ ಹೌದು. ‘ಇಲ್ಲ’ದ್ದರ ಬಗ್ಗೆಯೂ ‘ಅಲ್ಲ’ ಎನ್ನಬಹುದು ಎಂದಾಯಿತು. ಏನು ಎಂಬ ಪ್ರಶ್ನೆ ಇದೆಯೇ ಎಂಬ ಪ್ರಶ್ನೆಯನ್ನು ಕಾಯಬೇಕಿಲ್ಲ. ಇಬ್ನ್ ಸೀನಾನ ಭೇದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು. ಆಮೇಲೆ ಶಂಕರ್ ನಾಗ್ ಆ ಕಥೆಗಳನ್ನು ಆಗುಂಬೆಯಲ್ಲಿ ಧಾರಾವಾಹಿಯಾಗಿ ಚಿತ್ರಿಸಿದರು. ರೈಲು ನಿಲ್ದಾಣದ ದೃಶ್ಯಗಳಿಗೆ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ ಒದಗಿತು. ಆ ಹಳೆಯ ಕಟ್ಟಡ ಈಗ ಮಾಲ್ಗುಡಿ ವಸ್ತುಸಂಗ್ರಹಾಲಯ.

ಕಳೆದ ವರ್ಷ ಅಲ್ಲಿಗೆ ಹೋಗಿದ್ದೆ. ಏಳೆಂಟು ವರ್ಷದ ಹುಡುಗನೊಬ್ಬ ತಾಯಿಯ ಕೈಹಿಡಿದು ಒಳಗೆ ಸುತ್ತಿ ಬಂದು, ‘ಅಮ್ಮ, ಇದು ಮಾಲ್ಗುಡಿಯಾ?’ ಎಂದ. ‘ಅಲ್ಲ, ಇದು ಅರಸಾಳು’ ಎಂದರು. ‘ಹಾಗಾದ್ರೆ ಮಾಲ್ಗುಡಿ ಇಲ್ವಾ?’ ಆಕೆ ಒಂದು ಕ್ಷಣ ಸುಮ್ಮನಿದ್ದು, ‘ಉಂಟು ಮಾರಾಯ, ಪುಸ್ತಕದಲ್ಲಿ ಉಂಟು’ ಎಂದರು. ಕಾಲದ ಪ್ರತ್ಯಯವೇ ಅಂಟದ, ಹಳೆಯ ‘ಉಳ್’ ಧಾತುವಿನಿಂದ ಉಳಿದುಬಂದ ಆ ‘ಉಂಟು’ ಕೇಳಿ, ಭರ್ತೃಹರಿಯ ಉಪಚಾರಸತ್ತೆಗೆ ಕನ್ನಡದ ಪದ ಸಿಕ್ಕಿತು ಎಂದು ಜೇಬಿನಿಂದ ಪೆನ್ನು ತೆಗೆದೆ. ಮಾತಾಡಿಸಿದಾಗ ತಿಳಿಯಿತು, ಅವರು ಮಂಗಳೂರಿನವರು. ಅಲ್ಲಿ ಬಸ್ಸಿಗೂ ಉಂಟು, ಮೀನಿಗೂ ಉಂಟು.